ಇಂಡಿಯಾನಾ ಗೆದ್ದದ್ದು ಪೋರ್ಟಲ್‌ನಿಂದಲೇ? ಅಮೆರಿಕನ್ ಕಾಲೇಜು ಫುಟ್‌ಬಾಲ್ ತಂಡ ಕಟ್ಟುವ ಬಗೆಯ ಕುರಿತು ಒಂದು ಚರ್ಚೆ

ಹೂಸಿಯರ್ ಹೆಗಡೆ
2026ರ ಜನವರಿ 19ರಂದು ಇಂಡಿಯಾನಾ ವಿಶ್ವವಿದ್ಯಾಲಯದ ತಂಡ ಮಯಾಮಿಯನ್ನು 27-21ರಿಂದ ಮಣಿಸಿ, ಋತುವಿನಲ್ಲಿ ಒಂದೂ ಪಂದ್ಯ ಸೋಲದೆ 16-0 ದಾಖಲೆಯೊಂದಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಇದೇ ತಂಡ 2023ರಲ್ಲಿ ಮೂರು ಪಂದ್ಯ ಗೆದ್ದು ಒಂಬತ್ತು ಸೋತಿತ್ತು. ಈ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್ಟನ್‌ನಲ್ಲಿ ಓದಿದ ನಮ್ಮಂಥವರು ಫುಟ್‌ಬಾಲ್ ಋತು ಬೇಗ ಮುಗಿದು ಬ್ಯಾಸ್ಕೆಟ್‌ಬಾಲ್ ಆರಂಭವಾದರೆ ಸಾಕು ಎಂದುಕೊಳ್ಳುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಈಗ ಮಾತ್ರ ಎಲ್ಲಿ ನೋಡಿದರೂ ‘ಪೋರ್ಟಲ್‌ನಲ್ಲಿ ಆಟಗಾರರನ್ನು ಕೊಂಡು ಗೆದ್ದರು’ ಎಂಬ ಒಂದೇ ಮಾತು. ಪ್ರೌಢಶಾಲೆಯಿಂದ ಹುಡುಗರನ್ನು ಆರಿಸಿ ತಂದು, ಮೂರು ನಾಲ್ಕು ವರ್ಷ ಬೆಳೆಸಿ ಆಡಿಸುವ ಹಳೆಯ ಪದ್ಧತಿ ನಿಜವಾಗಿಯೂ ಮುಗಿಯಿತೇ? ಅಥವಾ ಇಂಡಿಯಾನಾ ಮಾಡಿದ್ದು ಬೇರೆಯದೇ ಕೆಲಸವೇ? ಲೆಕ್ಕ ಬಲ್ಲವರು ದಯವಿಟ್ಟು ಹೇಳಿ.

ಮೈಸೂರು ಮಲ್ಲಿಗೆ
ಕ್ಷಮಿಸಿ, ಅಮೆರಿಕಕ್ಕೆ ಬಂದು ಹೆಚ್ಚು ಕಾಲವಾಗಿಲ್ಲ. ಕಚೇರಿಯಲ್ಲಿ ಎಲ್ಲರೂ ಇದನ್ನೇ ಮಾತನಾಡುತ್ತಾರೆ. ಈ ಪೋರ್ಟಲ್ ಎಂದರೆ ನಿಖರವಾಗಿ ಏನು?

ಕೊಲಂಬಸ್ ಕುಲಕರ್ಣಿ
ಮೂಲತಃ ಅದು ಹೆಸರುಗಳ ಒಂದು ಪಟ್ಟಿ, ಅಷ್ಟೇ. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ 2018ರ ಅಕ್ಟೋಬರ್‌ನಲ್ಲಿ ಅದನ್ನು ಆರಂಭಿಸಿತು. ಅದಕ್ಕೂ ಮೊದಲು ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರ ತನ್ನ ತರಬೇತುದಾರರ ಅನುಮತಿ ಕೇಳಬೇಕಿತ್ತು. ಈಗ ‘ನನ್ನ ಹೆಸರು ಹಾಕಿ’ ಎಂದು ತಿಳಿಸಿದರೆ ಸಾಕು, ಬೇರೆ ಕಾಲೇಜುಗಳವರು ಅವನನ್ನು ಸಂಪರ್ಕಿಸಬಹುದು. ಆದರೂ ಆ ಪಟ್ಟಿಯೊಂದರಿಂದಲೇ ಏನೂ ಉರುಳಲಿಲ್ಲ, ಏಕೆಂದರೆ ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕೆಂಬ ನಿಯಮ ಇನ್ನೂ ಜಾರಿಯಲ್ಲಿತ್ತು. ಮೊದಲ ಸಲ ಬದಲಿಸುವವರಿಗೆ ಆ ನಿಯಮ 2021ರ ಏಪ್ರಿಲ್‌ನಲ್ಲಿ ಸಡಿಲವಾಯಿತು. ಅದೇ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ, ವರ್ಚಸ್ಸಿನಿಂದ ಹಣ ಗಳಿಸಬಹುದು ಎಂದಾಯಿತು. ಎನ್‌ಐಎಲ್ ಎಂದು ಕರೆಯುವುದು ಇದನ್ನೇ. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಎರಡನೆಯ, ಮೂರನೆಯ ಬದಲಾವಣೆಗಿದ್ದ ತಡೆಯನ್ನೂ ನಿಲ್ಲಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಎನ್‌ಸಿಎಎ ತಾನೇ ಆ ನಿಯಮವನ್ನು ಕೈಬಿಟ್ಟಿತು. ಸ್ವಾತಂತ್ರ್ಯವೂ ಹಣವೂ ಒಂದೇ ಬೇಸಿಗೆಯಲ್ಲಿ ಬಂದದ್ದರಿಂದಲೇ ಇಷ್ಟೊಂದು ಗದ್ದಲ.

ರಾಜಾಜಿನಗರ ರಾಯಲ್ಸ್
ಅಂದರೆ ಇದು ನಮ್ಮ ಐಪಿಎಲ್ ಹರಾಜೇ. ಇಷ್ಟು ಸುತ್ತಿ ಬಳಸಿ ಹೇಳುವ ಅಗತ್ಯವಿರಲಿಲ್ಲ.

ಕೊಲಂಬಸ್ ಕುಲಕರ್ಣಿ
ಖಂಡಿತ ಅಲ್ಲ. ಐಪಿಎಲ್ ಹರಾಜಿನಲ್ಲಿ ಆಟಗಾರನಿಗೆ ತಂಡ ಆರಿಸುವ ಹಕ್ಕಿಲ್ಲ, ಯಾರು ಹೆಚ್ಚು ಕೂಗುತ್ತಾರೋ ಅವರಲ್ಲಿಗೆ ಹೋಗಬೇಕು. ಇಲ್ಲಿ ಆಯ್ಕೆ ಪೂರ್ತಿಯಾಗಿ ಆಟಗಾರನದು. ಅಲ್ಲಿ ಎಲ್ಲ ತಂಡಗಳ ಥೈಲಿಯ ಗಾತ್ರ ಎಲ್ಲರಿಗೂ ತಿಳಿದಿರುತ್ತದೆ. ಇಲ್ಲಿ ಪಕ್ಕದ ಕಾಲೇಜು ಎಷ್ಟು ಕೊಡುತ್ತಿದೆ ಎಂಬುದು ಗಾಳಿಮಾತು. ಆರ್‌ಸಿಬಿ ಅಭಿಮಾನಿಗಳಿಗೆ 2025ರ ಜೂನ್‌ನಲ್ಲಿ ಕಪ್ ಸಿಕ್ಕ ಮೇಲೆ ಜಗತ್ತಿನ ಎಲ್ಲ ಕ್ರೀಡೆಗಳೂ ಐಪಿಎಲ್‌ನಂತೆ ಕಾಣಿಸುತ್ತಿವೆ.

ರಾಜಾಜಿನಗರ ರಾಯಲ್ಸ್
ಹದಿನೆಂಟು ವರ್ಷ ಕಾದವರಿಗೆ ಅಷ್ಟು ಸ್ವಾತಂತ್ರ್ಯವಾದರೂ ಬೇಡವೇ?

ಲ್ಯಾನ್ಸಿಂಗ್ ಲೆಕ್ಕಿಗ
ಹೆಗಡೆಯವರ ಪ್ರಶ್ನೆಗೆ ಬರೋಣ. ಪೋರ್ಟಲ್‌ನಿಂದ ಒಂದು ವರ್ಷ ಗೆಲ್ಲುವುದು ಸಾಧ್ಯ, ವರ್ಷವರ್ಷವೂ ನಿಲ್ಲುವ ತಂಡ ಕಟ್ಟುವುದು ಕಷ್ಟ ಎಂಬುದು ನಮ್ಮೂರಿನ ಅನುಭವ. ಮಿಷಿಗನ್ ಸ್ಟೇಟ್ 2021ರಲ್ಲಿ ವೇಕ್ ಫಾರೆಸ್ಟ್‌ನಿಂದ ಕೆನೆತ್ ವಾಕರ್ ಎಂಬ ರನ್ನಿಂಗ್ ಬ್ಯಾಕ್‌ನನ್ನು (ಚೆಂಡು ಹಿಡಿದು ಓಡುವ ಆಟಗಾರ) ತಂದು 11 ಪಂದ್ಯ ಗೆದ್ದಿತು. ಆ ಉತ್ಸಾಹದಲ್ಲಿ ತರಬೇತುದಾರ ಮೆಲ್ ಟಕರ್ ಅವರಿಗೆ ಹತ್ತು ವರ್ಷಗಳಿಗೆ 9.5 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ವಾಕರ್ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೊರಟುಹೋದರು, ಮರುವರ್ಷ ತಂಡ 5-7ಕ್ಕೆ ಇಳಿಯಿತು. ಫ್ಲಾರಿಡಾ ಸ್ಟೇಟ್‌ನ ಕಥೆ ಇನ್ನೂ ಘೋರ. 2023ರಲ್ಲಿ ಲೂಯಿವಿಲ್‌ನಿಂದ ಬಂದಿದ್ದ ಜೋರ್ಡನ್ ಟ್ರಾವಿಸ್, ಮಿಷಿಗನ್ ಸ್ಟೇಟ್‌ನಿಂದ ಬಂದಿದ್ದ ಕಿಯಾನ್ ಕೋಲ್ಮನ್, ಆಲ್ಬನಿಯಿಂದ ಬಂದಿದ್ದ ಜೇರಡ್ ವರ್ಸ್ ಇವರೆಲ್ಲರ ಬಲದಿಂದ 13-0 ಆಗಿದ್ದ ತಂಡ, ಅವರು ಹೋದ ಮೇಲೆ ಮತ್ತೆ ಪೋರ್ಟಲ್‌ಗೇ ಕೈಹಾಕಿ 2024ರಲ್ಲಿ 2-10 ಆಯಿತು. ಹೊರಗಿನಿಂದ ತಂದ ಹಿರಿಯ ಆಟಗಾರ ಒಂದೆರಡು ವರ್ಷಕ್ಕೆ ಹೊರಡುತ್ತಾನೆ, ಅವನ ಹಿಂದೆ ಸಾಲಿನಲ್ಲಿ ನಿಂತು ಕಲಿಯಬೇಕಿದ್ದ ಕಿರಿಯ, ಅವಕಾಶ ಸಿಗದೆ ಅದಾಗಲೇ ಹೊರಟಿರುತ್ತಾನೆ. ಹೀಗೆ ಎರಡೂ ಕಡೆಯಿಂದ ಖಾಲಿಯಾದ ತಂಡಕ್ಕೆ ಮತ್ತೆ ಪೋರ್ಟಲ್ ಬಿಟ್ಟರೆ ಬೇರೆ ದಾರಿ ಉಳಿಯುವುದಿಲ್ಲ.

ಹೂಸಿಯರ್ ಹೆಗಡೆ
ಒಪ್ಪುತ್ತೇನೆ, ಆದರೆ ಇಂಡಿಯಾನಾ ಆ ಪಟ್ಟಿಗೆ ಸೇರುವುದಿಲ್ಲ ಎಂಬುದೇ ನನ್ನ ವಾದ. ನಮ್ಮ ತರಬೇತುದಾರ ಕರ್ಟ್ ಸಿಗ್ನೆಟ್ಟಿ 2023ರ ನವೆಂಬರ್ ಕೊನೆಯಲ್ಲಿ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಬಂದಾಗ, ಅಲ್ಲಿ ತಾವೇ ಬೆಳೆಸಿದ್ದ 13 ಆಟಗಾರರು ಅವರ ಹಿಂದೆ ಬಂದರು. ಮೈಕೇಲ್ ಕಮಾರಾ, ಡಿ’ಏಂಜೆಲೊ ಪಾಂಡ್ಸ್, ಏಡನ್ ಫಿಶರ್, ಎಲೈಜಾ ಸ್ಯಾರಟ್ ಇವರಾರೂ ಪ್ರೌಢಶಾಲೆಯಲ್ಲಿದ್ದಾಗ ದೊಡ್ಡ ಕಾಲೇಜುಗಳು ಬೆನ್ನುಹತ್ತಿದ ಹುಡುಗರಲ್ಲ. ಸ್ಯಾರಟ್ ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಎಂಬ ಚಿಕ್ಕ ಕಾಲೇಜಿನಲ್ಲಿ ಆರಂಭಿಸಿದವರು. ಓರೆಗಾನ್ ವಿರುದ್ಧದ ಸೆಮಿಫೈನಲ್‌ನಲ್ಲಿ ಎದುರಾಳಿಯ ಮೊದಲ ಪಾಸನ್ನೇ ಕಿತ್ತು ಟಚ್‌ಡೌನ್ ಮಾಡಿದ್ದು ಪಾಂಡ್ಸ್. ಫೈನಲ್‌ನಲ್ಲಿ ಪಂಟ್, ಅಂದರೆ ಎದುರಾಳಿ ದೂರಕ್ಕೆ ಒದೆಯುವ ಚೆಂಡನ್ನು, ತಡೆದು ಟಚ್‌ಡೌನ್‌ಗೆ ದಾರಿ ಮಾಡಿಕೊಟ್ಟಿದ್ದು ಕಮಾರಾ. ಇದನ್ನು ಕೊಂಡುಕೊಳ್ಳುವುದು ಎನ್ನುವುದಕ್ಕಿಂತ ಒಂದು ತಂಡದ ಬೆನ್ನೆಲುಬನ್ನೇ ಬೇರೆ ಊರಿಗೆ ಸಾಗಿಸುವುದು ಎನ್ನಬೇಕು. ಪೋರ್ಟಲ್ ಬಂದದ್ದರಿಂದ ಸಾಗಾಣಿಕೆ ಸುಲಭವಾಯಿತು, ಆದರೆ ಅವರನ್ನು ಗುರುತಿಸಿ ಬೆಳೆಸಿದ ಕೆಲಸ ಹಳೆಯ ಪದ್ಧತಿಯದೇ.

ಹ್ಯಾರಿಸನ್‌ಬರ್ಗ್ ಹರೀಶ
ಜೇಮ್ಸ್ ಮ್ಯಾಡಿಸನ್ ಇರುವ ಊರಿನಿಂದ ಬರೆಯುತ್ತಿದ್ದೇನೆ. ತಮ್ಮ ಸಾಗಾಣಿಕೆಯಲ್ಲಿ ಖಾಲಿಯಾದ ಊರಿಗೂ ಒಂದು ಮಾತಿದೆ ಎಂಬುದನ್ನು ಹೆಗಡೆಯವರು ಮರೆಯಬಾರದು. ನಾವು 2022ರಲ್ಲಷ್ಟೇ ಮೇಲಿನ ದರ್ಜೆಗೆ ಏರಿದ್ದೆವು, 2023ರಲ್ಲಿ 11 ಪಂದ್ಯ ಗೆದ್ದೆವು, ಅದರ ಬಹುಮಾನವಾಗಿ ತರಬೇತುದಾರರನ್ನೂ ಅರ್ಧ ತಂಡವನ್ನೂ ಕಳೆದುಕೊಂಡೆವು.

ಆದರೂ ಕೇಳಿ, ಹೊಸ ತರಬೇತುದಾರ ಬಾಬ್ ಚೆಸ್ನಿ ಬಂದು ಎರಡೇ ವರ್ಷಗಳಲ್ಲಿ ತಂಡವನ್ನು ಮತ್ತೆ ಕಟ್ಟಿ 2025ರ ಪ್ಲೇಆಫ್‌ಗೆ, ಅಂದರೆ ರಾಷ್ಟ್ರೀಯ ಪ್ರಶಸ್ತಿಯ ನಾಕೌಟ್ ಸುತ್ತಿಗೆ, ಒಯ್ದರು. ಓರೆಗಾನ್ ಎದುರು 51-34ರಿಂದ ಸೋತೆವು, ಮಾನ ಕಳೆದುಕೊಳ್ಳಲಿಲ್ಲ. ಈಗ ಚೆಸ್ನಿಯೂ ಯುಸಿಎಲ್‌ಎಗೆ ಹೊರಟಿದ್ದಾರೆ. ದೊಡ್ಡವರಿಗೆ ಆಟಗಾರರನ್ನು ಸಿದ್ಧಪಡಿಸಿ ಕೊಡುವುದೇ ನಮ್ಮ ಪಾಲಿನ ಕೆಲಸವೆಂದು ಯಾರೋ ಬರೆದಿಟ್ಟಂತಿದೆ, ಅದಕ್ಕೆ ನಮಗೆ ಒಂದು ಡಾಲರ್ ಪರಿಹಾರವೂ ಸಿಗುವುದಿಲ್ಲ. ಯೂರೋಪಿನ ಕಾಲ್ಚೆಂಡಿನಲ್ಲಾದರೆ ಆಟಗಾರನನ್ನು ಕಳಿಸಿದ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ಸಿಗುತ್ತದೆ.

ತುಂಗಾತೀರ
ಪರಿಹಾರದ ಮಾತು ಸರಿಯಾಗಿದೆ, ಆದರೆ ಹುಡುಗನನ್ನು ಮಾರಾಟದ ಸರಕು ಮಾಡುವ ಶುಲ್ಕ ಇಲ್ಲದಿರುವುದೇ ಒಳ್ಳೆಯದೆಂದು ನನಗನ್ನಿಸುತ್ತದೆ. ತರಬೇತುದಾರರು ಒಪ್ಪಂದ ಮುರಿದು ರಾತ್ರೋರಾತ್ರಿ ಹೊರಟಾಗ ‘ವೃತ್ತಿಯ ಬೆಳವಣಿಗೆ’ ಎಂದು ಚಪ್ಪಾಳೆ ತಟ್ಟಿದವರೇ, ಇಪ್ಪತ್ತು ವರ್ಷದ ಆಟಗಾರ ಹೊರಟಾಗ ‘ನಿಷ್ಠೆ ಎಲ್ಲಿ ಹೋಯಿತು’ ಎಂದು ಕೇಳುವುದು ನನಗೆ ಎಂದೂ ಅರ್ಥವಾಗಿಲ್ಲ.

ಲ್ಯಾನ್ಸಿಂಗ್ ಲೆಕ್ಕಿಗ
ಆಟಗಾರ ಹೋಗಬಾರದೆಂದು ನಾನು ಎಲ್ಲಿಯೂ ಹೇಳಿಲ್ಲ. ಹೋಗುವುದು ಸುಲಭವಾದಾಗ ತಂಡ ಕಟ್ಟುವವನ ಲೆಕ್ಕ ಹೇಗೆ ಬದಲಾಗಬೇಕು ಎಂಬುದಷ್ಟೇ ಪ್ರಶ್ನೆ.

ಪ್ಲೇನೋ ಪಾಟೀಲ
ಇಲ್ಲಿ ಯಾರೂ ಪ್ರೌಢಶಾಲೆಯ ಹುಡುಗನ ಕಡೆಯಿಂದ ನೋಡುತ್ತಿಲ್ಲ. ನನ್ನ ಮಗ ಡಲ್ಲಾಸ್ ಬಳಿಯ ಶಾಲೆಯೊಂದರ ತಂಡದಲ್ಲಿ ಕಿಕ್ಕರ್. ಬೇಸಿಗೆಯ ಶಿಬಿರಗಳಿಗೆ ಕರೆದೊಯ್ದಾಗಲೆಲ್ಲ ಒಂದೇ ಉತ್ತರ ಬೇರೆ ಬೇರೆ ಮಾತುಗಳಲ್ಲಿ ಸಿಕ್ಕಿತು: ಕಾಲು ಚೆನ್ನಾಗಿದೆ, ಆದರೆ ಮೊದಲು ಎಲ್ಲಾದರೂ ಚಿಕ್ಕ ಕಾಲೇಜಿನಲ್ಲಿ ಆಡಿ ತೋರಿಸಿ, ಆಮೇಲೆ ಪೋರ್ಟಲ್ ಮೂಲಕ ಬನ್ನಿ. ತರಬೇತುದಾರನ ತರ್ಕವೂ ನನಗೆ ಅರ್ಥವಾಗುತ್ತದೆ. ಹದಿನೆಂಟರ ಹುಡುಗನ ಭವಿಷ್ಯವನ್ನು ಊಹಿಸುವುದಕ್ಕಿಂತ, ಇಪ್ಪತ್ತೆರಡರ ಯುವಕ ನಿಜವಾದ ಕಾಲೇಜು ಪಂದ್ಯದಲ್ಲಿ ಏನು ಮಾಡಿದ್ದಾನೆಂದು ದೃಶ್ಯದಲ್ಲಿ ನೋಡಿ ಆರಿಸುವುದು ಕಡಿಮೆ ಅಪಾಯದ ಕೆಲಸ. ಕೆಲಸ ಕಳೆದುಕೊಳ್ಳುವ ಭಯವಿರುವವನು ಅದನ್ನೇ ಮಾಡುತ್ತಾನೆ.

ಇದರ ಮೇಲೆ, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿ ಒಪ್ಪಂದ ಬಂದಿತು. ಮೊದಲು 85 ವಿದ್ಯಾರ್ಥಿವೇತನಗಳ ಮಿತಿ ಇದ್ದರೂ, ಸ್ವಂತ ಖರ್ಚಿನಲ್ಲಿ ಸೇರುವ ವಾಕ್-ಆನ್ ಹುಡುಗರಿಂದ ತಂಡ 120 ದಾಟುತ್ತಿತ್ತು. ಈಗ ವೇತನದ ಮಿತಿ ಹೋಗಿದೆ, ಆದರೆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡದ ಒಟ್ಟು ಗಾತ್ರ 105ಕ್ಕೆ ನಿಂತಿದೆ. ಕತ್ತರಿ ಬಿದ್ದದ್ದು ನನ್ನ ಮಗನಂಥವರ ಜಾಗಕ್ಕೆ. ಆಗಲೇ ತಂಡದಲ್ಲಿದ್ದವರನ್ನು ಹೊರಗೆ ಹಾಕಬಾರದೆಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಪಟ್ಟು ಹಿಡಿದದ್ದರಿಂದ ಅವರಿಗೆ ವಿನಾಯಿತಿ ಸಿಕ್ಕಿತು, ಮುಂದೆ ಬರುವವರಿಗೆ ಅದೂ ಇಲ್ಲ. ಜಾರ್ಜಿಯಾಕ್ಕೆ ಎರಡು ರಾಷ್ಟ್ರೀಯ ಪ್ರಶಸ್ತಿ ತಂದ ಸ್ಟೆಟ್ಸನ್ ಬೆನೆಟ್ ವಾಕ್-ಆನ್ ಆಗಿ ಬಂದವರು, ಬೇಕರ್ ಮೇಫೀಲ್ಡ್ ಕೂಡ ಹಾಗೆಯೇ. ಅಂಥ ಮುಂದಿನ ಹುಡುಗನಿಗೆ ಬಾಗಿಲು ಎಲ್ಲಿದೆ?

ನ್ಯಾಶ್‌ವಿಲ್ ನಾಗರತ್ನ
ಪಾಟೀಲರೇ, ಬಾಗಿಲು ಬದಲಾಗಿದೆ, ಮುಚ್ಚಿಲ್ಲ. ನಮ್ಮ ವ್ಯಾಂಡರ್‌ಬಿಲ್ಟ್‌ನ ಡಿಯೇಗೊ ಪಾವಿಯಾ ಅವರನ್ನು ನೋಡಿ. ನ್ಯೂ ಮೆಕ್ಸಿಕೊದ ಸೈನಿಕ ಶಿಕ್ಷಣ ಸಂಸ್ಥೆಯೊಂದರ ಎರಡು ವರ್ಷದ ಕಾಲೇಜಿನಲ್ಲಿ ಆರಂಭಿಸಿ, ನ್ಯೂ ಮೆಕ್ಸಿಕೊ ಸ್ಟೇಟ್‌ಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದರು. ಎರಡು ವರ್ಷದ ಕಾಲೇಜಿನ ಆಟವನ್ನು ಅರ್ಹತೆಯ ವರ್ಷಗಳಲ್ಲಿ ಎಣಿಸಬಾರದೆಂದು ಎನ್‌ಸಿಎಎ ವಿರುದ್ಧ ಮೊಕದ್ದಮೆ ಹೂಡಿ, 2024ರ ಡಿಸೆಂಬರ್‌ನಲ್ಲಿ ತಡೆಯಾಜ್ಞೆ ಪಡೆದು, 2025ರಲ್ಲಿ ಮತ್ತೊಂದು ಋತು ಆಡಿದರು. ವ್ಯಾಂಡರ್‌ಬಿಲ್ಟ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ 10 ಪಂದ್ಯ ಗೆದ್ದದ್ದು ಆ ವರ್ಷವೇ. ಕ್ಯಾಮ್ ವಾರ್ಡ್ ಇನ್‌ಕಾರ್ನೇಟ್ ವರ್ಡ್ ಎಂಬ ಕಾಲೇಜಿನಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಮಯಾಮಿ, ಅಲ್ಲಿಂದ 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಪ್ರಕ್ರಿಯೆ) ಮೊದಲ ಆಯ್ಕೆಯಾದರು. ಹಳೆಯ ನಿಯಮದಲ್ಲಿ ಇವರಿಬ್ಬರೂ ಚಿಕ್ಕ ಊರಿನಲ್ಲಿಯೇ ಮುಗಿದುಹೋಗುತ್ತಿದ್ದರು.

ಪ್ಲೇನೋ ಪಾಟೀಲ
ಇಬ್ಬರ ಹೆಸರು ಹೇಳಿದಿರಿ. ಪೋರ್ಟಲ್‌ಗೆ ಹೆಸರು ಕೊಟ್ಟು ಯಾರೂ ಕರೆಯದೆ, ಇದ್ದ ವಿದ್ಯಾರ್ಥಿವೇತನವನ್ನೂ ಕಳೆದುಕೊಂಡವರ ಹೆಸರು ಯಾರೂ ಬರೆದಿಡುವುದಿಲ್ಲ. ಒಮ್ಮೆ ಹೆಸರು ಹಾಕಿದ ಮೇಲೆ ಹಳೆಯ ಕಾಲೇಜು ಮತ್ತೆ ಸೇರಿಸಿಕೊಳ್ಳಲೇಬೇಕೆಂದೇನೂ ಇಲ್ಲ.

ನ್ಯಾಶ್‌ವಿಲ್ ನಾಗರತ್ನ
ಅದು ನಿಜ.

ಹೂಸ್ಟನ್ ಹೊಳ್ಳ
ಪ್ರೌಢಶಾಲೆಯ ಆಯ್ಕೆಯನ್ನು ಅಷ್ಟೊಂದು ಪವಿತ್ರವೆಂದು ನೋಡುವವರಿಗೆ ಟೆಕ್ಸಾಸ್ ಎ ಅಂಡ್ ಎಂ ನೆನಪಿಸುತ್ತೇನೆ. 2022ರಲ್ಲಿ ಅವರು ಸಹಿ ಹಾಕಿಸಿದ ಪ್ರೌಢಶಾಲಾ ಹುಡುಗರ ಗುಂಪು ಶ್ರೇಯಾಂಕಗಳ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಪಡೆದದ್ದು. ಆ ವರ್ಷ ತಂಡ 5-7, ಆ ಗುಂಪಿನ ಬಹಳಷ್ಟು ಹುಡುಗರು ಬೇರೆ ಕಡೆ ಹೋದರು, 2023ರ ನವೆಂಬರ್‌ನಲ್ಲಿ ತರಬೇತುದಾರ ಜಿಂಬೊ ಫಿಶರ್ ಅವರನ್ನು 7.5 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟು ಮನೆಗೆ ಕಳಿಸಿದರು. ಪ್ರೌಢಶಾಲೆಯ ಹುಡುಗರಿಗೆ ಶ್ರೇಯಾಂಕದವರು ಕೊಡುವ ನಕ್ಷತ್ರಗಳನ್ನು ಎಣಿಸುವುದು ತಂಡ ಕಟ್ಟುವುದಲ್ಲ.

ಅಟ್ಲಾಂಟಾ ಅಡಿಗ
ಹಾಗೆಂದು ನಕ್ಷತ್ರಗಳನ್ನು ಅಷ್ಟು ಹಗುರಾಗಿ ತಳ್ಳಿಹಾಕಬೇಡಿ. ನಾಲ್ಕು ಮತ್ತು ಐದು ನಕ್ಷತ್ರದ ಹುಡುಗರು ಅರ್ಧಕ್ಕಿಂತ ಹೆಚ್ಚಿರುವ ತಂಡಗಳಿಗೆ ಮಾತ್ರ ರಾಷ್ಟ್ರೀಯ ಪ್ರಶಸ್ತಿ ಸಿಗುತ್ತದೆ ಎಂಬ ಕ್ರೀಡಾ ಬರಹಗಾರ ಬಡ್ ಎಲಿಯಟ್ ಅವರ ಲೆಕ್ಕ ವರ್ಷಾನುಗಟ್ಟಲೆ ಸುಳ್ಳಾಗಿರಲಿಲ್ಲ. ಅಲಬಾಮ, ಜಾರ್ಜಿಯಾ, ಓಹಿಯೊ ಸ್ಟೇಟ್ ಎಲ್ಲವೂ ಅದರೊಳಗೇ ಇದ್ದವು. ಆ ಲೆಕ್ಕವನ್ನು ಮುರಿದದ್ದು ಇಂಡಿಯಾನಾ. ಒಂದು ಅಪವಾದ ಬಂದ ಕೂಡಲೇ ನಿಯಮ ಸತ್ತಿತೆನ್ನಲು ನಾನಂತೂ ಸಿದ್ಧನಿಲ್ಲ.

ತುಂಗಾತೀರ
ಆಟ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿಯಾದರೂ ನಿಯಮ ಸತ್ತಿದೆ. 2017ರಿಂದ 2025ರವರೆಗಿನ ಒಂಬತ್ತು ಹೈಸ್ಮನ್ (ವರ್ಷದ ಶ್ರೇಷ್ಠ ಕಾಲೇಜು ಆಟಗಾರ ಪ್ರಶಸ್ತಿ) ವಿಜೇತರಲ್ಲಿ ಏಳು ಮಂದಿ ಕಾಲೇಜು ಬದಲಿಸಿದವರು: ಮೇಫೀಲ್ಡ್, ಕೈಲರ್ ಮರ್ರೆ, ಜೋ ಬರೋ, ಕೇಲೆಬ್ ವಿಲಿಯಮ್ಸ್, ಜೇಡನ್ ಡೇನಿಯಲ್ಸ್, ಟ್ರಾವಿಸ್ ಹಂಟರ್, ಈಗ ಫರ್ನಾಂಡೊ ಮೆಂಡೋಜಾ. ಇವರಲ್ಲಿ ಹಂಟರ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಕ್ವಾರ್ಟರ್‌ಬ್ಯಾಕ್‌ಗಳು. ಮೆಂಡೋಜಾ ಮೊದಲು ಯೇಲ್‌ಗೆ ಹೋಗುವುದಾಗಿ ಒಪ್ಪಿಕೊಂಡಿದ್ದವರು, ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ, ಅಲ್ಲಿಂದ ಇಂಡಿಯಾನಾ. ಹದಿನೇಳನೆಯ ವಯಸ್ಸಿನಲ್ಲಿ ಅವರನ್ನು ನೋಡಿ ಇವನು ಹೈಸ್ಮನ್ ಗೆಲ್ಲುತ್ತಾನೆ ಎಂದವರು ಯಾರೂ ಇರಲಿಲ್ಲ.

ಗ್ರೀನ್‌ವಿಲ್ ಗೌಡ
ಪೋರ್ಟಲ್ ಬೇಡವೇ ಬೇಡ ಎಂದು ಕುಳಿತರೂ ನಡೆಯುವುದಿಲ್ಲ ಎಂಬುದಕ್ಕೆ ನಮ್ಮ ಕ್ಲೆಮ್ಸನ್ ಸಾಕ್ಷಿ. ತರಬೇತುದಾರ ಡಾಬೊ ಸ್ವಿನ್ನಿ 2016ರಲ್ಲಿ ಮತ್ತು 2018ರಲ್ಲಿ ಪ್ರಶಸ್ತಿ ಗೆದ್ದದ್ದು ತಾವೇ ಬೆಳೆಸಿದ ಹುಡುಗರಿಂದ. ಆ ಪದ್ಧತಿಯ ಮೇಲಿನ ಅಭಿಮಾನದಿಂದ ಅವರು ವರ್ಷಗಳ ಕಾಲ ಪೋರ್ಟಲ್ ಕಡೆ ತಿರುಗಿಯೂ ನೋಡಲಿಲ್ಲ. 2025ರಲ್ಲಿ ಅನುಭವಿಗಳೇ ತುಂಬಿದ ತಂಡವೆಂದು ಋತು ಆರಂಭಕ್ಕೆ ಮೊದಲೇ ಅಗ್ರ ಶ್ರೇಯಾಂಕಗಳಲ್ಲಿ ಕೂರಿಸಿದರು, ಕೊನೆಗೆ 7-6. ಮನುಷ್ಯನ ಮೇಲೆ ನನಗೆ ಗೌರವವಿದೆ, ಹಟದ ಮೇಲೆ ಇಲ್ಲ.

ಡೆನ್ವರ್ ದೇಸಾಯಿ
ಇನ್ನೊಂದು ತುದಿಯಲ್ಲಿ ಕೊಲರಾಡೊ ಇದೆ. ತರಬೇತುದಾರ ಡಿಯಾನ್ ಸ್ಯಾಂಡರ್ಸ್ 2022ರ ಡಿಸೆಂಬರ್‌ನಲ್ಲಿ ಬಂದ ಕೂಡಲೇ ಹಳೆಯ ತಂಡವನ್ನು ಬಹುಪಾಲು ಹೊರಗೆ ಕಳಿಸಿ, ಐವತ್ತಕ್ಕೂ ಹೆಚ್ಚು ಮಂದಿಯನ್ನು ಬೇರೆ ಕಾಲೇಜುಗಳಿಂದ ತಂದರು. 2023ರಲ್ಲಿ 4-8, ಆಮೇಲೆ 9-4, ಹಂಟರ್ ಮತ್ತು ಡಿಯಾನ್ ಅವರ ಮಗ ಶೆಡೂರ್ ಹೋದ ಮೇಲೆ 3-9. ಲೆಕ್ಕಿಗರು ಮೇಲೆ ಹೇಳಿದ ಖಾಲಿಯಾಗುವ ವರ್ಣನೆ ನಮಗೆ ಅಕ್ಷರಶಃ ಹೊಂದುತ್ತದೆ.

ಕೊಲಂಬಸ್ ಕುಲಕರ್ಣಿ
ಇಷ್ಟು ಹೊತ್ತು ಕಾದೆ, ಯಾರೂ ನಮ್ಮ 2024ರ ತಂಡದ ಹೆಸರು ಎತ್ತಲಿಲ್ಲ. ಓಹಿಯೊ ಸ್ಟೇಟ್ ನಾಟ್ರ ಡೇಮ್ ಅನ್ನು 34-23ರಿಂದ ಸೋಲಿಸಿ ಗೆದ್ದಾಗ ಎಲ್ಲರೂ ನೋಡಿದ್ದು ಹೊರಗಿನಿಂದ ಬಂದವರನ್ನು: ಕ್ಯಾನ್ಸಸ್ ಸ್ಟೇಟ್‌ನ ವಿಲ್ ಹೋವರ್ಡ್, ಅಲಬಾಮದ ಕೇಲೆಬ್ ಡೌನ್ಸ್, ಓಲ್ ಮಿಸ್‌ನ ಕ್ವಿನ್‌ಶಾನ್ ಜಡ್ಕಿನ್ಸ್. ಆದರೆ ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ಗಳಿಕೆ ಎನ್‌ಎಫ್‌ಎಲ್‌ಗೆ ಹೋಗಬಹುದಾಗಿದ್ದರೂ ಇನ್ನೊಂದು ವರ್ಷ ಉಳಿದ ಜ್ಯಾಕ್ ಸಾಯರ್, ಜೆ.ಟಿ. ಟುಯಿಮೊಲೊವಾವ್, ಎಮೆಕಾ ಎಗ್ಬೂಕಾ, ಟ್ರೆವೆಯನ್ ಹೆಂಡರ್ಸನ್. ಅವರೆಲ್ಲರೂ ಪ್ರೌಢಶಾಲೆಯಿಂದ ನೇರವಾಗಿ ಇಲ್ಲಿಗೆ ಬಂದವರು. ಜೊತೆಗೆ ಜೆರೆಮಾಯಾ ಸ್ಮಿತ್ ಎಂಬ ಮೊದಲ ವರ್ಷದ ಹುಡುಗ. ಇರುವವರನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ, ಕೊರತೆಯಿರುವ ನಾಲ್ಕೈದು ಜಾಗಕ್ಕೆ ಮಾತ್ರ ಪೋರ್ಟಲ್. ನಮ್ಮ ತಂಡಕ್ಕೆ ಸುಮಾರು 2 ಕೋಟಿ ಡಾಲರ್ ಎನ್‌ಐಎಲ್ ಹಣ ಖರ್ಚಾಯಿತೆಂದು ಆಗಿನ ಸುದ್ದಿ. ಅದರಲ್ಲಿ ದೊಡ್ಡ ಪಾಲು ಹೊಸಬರನ್ನು ತರಲು ಹೋಗಿತ್ತು ಎಂದು ಭಾವಿಸಿದವರು ತಪ್ಪು ತಿಳಿದಿದ್ದಾರೆ ಎಂಬುದು ನನ್ನ ಅಂದಾಜು.

ಹೂಸ್ಟನ್ ಹೊಳ್ಳ
2 ಕೋಟಿ ಡಾಲರ್ ಇದ್ದರೆ ನಾನೂ ಉಳಿಸಿಕೊಳ್ಳುತ್ತೇನೆ.

ಲ್ಯಾನ್ಸಿಂಗ್ ಲೆಕ್ಕಿಗ
ಹೊಳ್ಳರ ಕುಹಕದಲ್ಲಿ ವಿಷಯವಿದೆ. 2025ರ ಜೂನ್ 6ರಂದು ಒಪ್ಪಿಗೆಯಾದ ಹೌಸ್ ಒಪ್ಪಂದದಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು, ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳಿಗೂ ಸೇರಿ ಮಿತಿ ಸುಮಾರು 2.05 ಕೋಟಿ ಡಾಲರ್. ಹೊರಗಿನ ಎನ್‌ಐಎಲ್ ಒಪ್ಪಂದ 600 ಡಾಲರ್ ಮೀರಿದರೆ ಅದು ನಿಜವಾದ ವ್ಯಾಪಾರವೇ ಎಂದು ಪರಿಶೀಲನೆಗೆ ಒಳಪಡುತ್ತದೆ. ಕಾಗದದ ಮೇಲೆ ಎಲ್ಲರಿಗೂ ಒಂದೇ ಮಿತಿ, ಆದರೆ ಆ ಮಿತಿಯನ್ನು ಮುಟ್ಟುವಷ್ಟು ಆದಾಯವೇ ಇಲ್ಲದ ಕಾಲೇಜಿಗೆ ಅದರಿಂದ ಏನು ಸಮಾನತೆ ಬಂತು? ಹರೀಶರ ಊರಿನಂಥ ಕಡೆ ಉತ್ತಮ ಆಟಗಾರನನ್ನು ಎರಡನೆಯ ವರ್ಷ ಉಳಿಸಿಕೊಳ್ಳುವುದೇ ಗೆಲುವು.

ಏಮ್ಸ್ ಅರುಂಧತಿ
ನಾನು ಪಾಠ ಹೇಳುವವಳು, ಆದ್ದರಿಂದ ತರಗತಿಯ ಕಡೆಯಿಂದ ಒಂದು ಮಾತು. ಕಾಲೇಜು ಬದಲಿಸಿದಾಗ ಎಲ್ಲ ಪಠ್ಯಗಳ ಅಂಕಗಳೂ ಜೊತೆಗೆ ಬರುವುದಿಲ್ಲ. ಎಂಜಿನಿಯರಿಂಗ್‌ನಂಥ ವಿಷಯದಲ್ಲಿ ಎರಡು ಸಲ ಬದಲಿಸಿದವನಿಗೆ ಪದವಿ ಮುಗಿಸುವುದು ಬಹಳ ಕಷ್ಟ, ಹೀಗಾಗಿ ಸುಲಭವಾಗಿ ಹೊಂದುವ ವಿಷಯಕ್ಕೆ ತಳ್ಳುತ್ತಾರೆ. ಎನ್‌ಎಫ್‌ಎಲ್ ತಲುಪದ ಬಹುಪಾಲು ಹುಡುಗರಿಗೆ ಕೊನೆಗೆ ಉಳಿಯುವುದು ಪದವಿ ಮಾತ್ರ, ಅದರ ಲೆಕ್ಕವನ್ನು ತರಬೇತುದಾರರೂ ಮಾಡುವುದಿಲ್ಲ, ಈ ಚರ್ಚೆಯಲ್ಲಿ ನಾವೂ ಈವರೆಗೆ ಮಾಡಿರಲಿಲ್ಲ.

ಪ್ಲೇನೋ ಪಾಟೀಲ
ಮಗನಿಗೆ ಇದನ್ನು ಓದಿಸುತ್ತೇನೆ, ಮೇಡಂ. ಧನ್ಯವಾದಗಳು.

ಅಟ್ಲಾಂಟಾ ಅಡಿಗ
ಪೋರ್ಟಲ್ ತೆರೆಯುವ ಸಮಯವನ್ನಾದರೂ ಸರಿಪಡಿಸಿದ್ದಾರೆ. ಮೊದಲು ಡಿಸೆಂಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ ತೆರೆಯುತ್ತಿತ್ತು. ವಸಂತದ ಅಭ್ಯಾಸ ಮುಗಿಯುವ ಹೊತ್ತಿಗೆ ಟೆನ್ನೆಸ್ಸಿಯ ಕ್ವಾರ್ಟರ್‌ಬ್ಯಾಕ್ ನಿಕೊ ಇಯಾಮಲೇಯಾವಾ ಯುಸಿಎಲ್‌ಎಗೆ ಹೊರಟದ್ದು 2025ರ ಏಪ್ರಿಲ್‌ನಲ್ಲೇ. 2026ರಲ್ಲಿ ಜನವರಿ 2ರಿಂದ 16ರವರೆಗೆ ಒಂದೇ ಅವಧಿ. ವಸಂತದಲ್ಲಿ ತಂಡ ಒಡೆಯುವ ಭಯ ತಪ್ಪಿತು.

ಹೂಸಿಯರ್ ಹೆಗಡೆ
ತಪ್ಪಿತು ಎನ್ನುತ್ತೀರಿ, ಆದರೆ ನಮ್ಮವರು ಸೆಮಿಫೈನಲ್‌ಗೂ ಫೈನಲ್‌ಗೂ ಸಿದ್ಧರಾಗುತ್ತಿದ್ದ ದಿನಗಳಲ್ಲೇ ಮುಂದಿನ ವರ್ಷದ ತಂಡವನ್ನೂ ಕೊಳ್ಳಬೇಕಾಯಿತು. ಮೆಂಡೋಜಾ ಅವರ ಜಾಗಕ್ಕೆ ಟೆಕ್ಸಾಸ್ ಕ್ರಿಶ್ಚಿಯನ್‌ನಿಂದ ಜೋಶ್ ಹೂವರ್ ಒಪ್ಪಿಕೊಂಡದ್ದು ಫೈನಲ್ ಆಡುವ ಮೊದಲೇ.

ಲ್ಯಾನ್ಸಿಂಗ್ ಲೆಕ್ಕಿಗ
ಈಗ ತಾವೇ ‘ಕೊಳ್ಳಬೇಕಾಯಿತು’ ಎಂದು ಬರೆದಿರಿ, ಗಮನಿಸಿದಿರಾ? ಜೇಮ್ಸ್ ಮ್ಯಾಡಿಸನ್‌ನಿಂದ ಬಂದ ಹಳೆಯ ಗುಂಪು ಹೊರಟ ಮೇಲೆ ಉಳಿಯುವುದು ಹೂವರ್‌ನಂಥವರು, ಅವರನ್ನು ಸಿಗ್ನೆಟ್ಟಿ ಬೆಳೆಸಿಲ್ಲ. ನನ್ನ ವಾದ ಸರಿಯೋ ತಮ್ಮ ವಾದ ಸರಿಯೋ ಎಂಬುದು 2026ರಲ್ಲಿ ತಿಳಿಯುತ್ತದೆ.

ಹೂಸಿಯರ್ ಹೆಗಡೆ
‘ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ’ ಎಂದು ಬಂದ ತಿಂಗಳೊಳಗೇ ಹೇಳಿದವರು ಅವರು. ನಿಕ್ ಸೇಬನ್ ಕೈಕೆಳಗೆ ಅಲಬಾಮದಲ್ಲಿ ಹುಡುಗರನ್ನು ಆರಿಸುವ ಕೆಲಸವನ್ನೇ ನಾಲ್ಕು ವರ್ಷ ನೋಡಿಕೊಂಡ ಮನುಷ್ಯನಿಗೆ ಹೂವರ್‌ರನ್ನು ಅಳೆಯುವುದೂ ಗೊತ್ತಿರಬೇಕು. ಸೆಪ್ಟೆಂಬರ್‌ನಲ್ಲಿ ಇದೇ ಎಳೆಯಲ್ಲಿ ಜಗಳ ಮುಂದುವರಿಸೋಣ.

ಹ್ಯಾರಿಸನ್‌ಬರ್ಗ್ ಹರೀಶ
ಅಷ್ಟರೊಳಗೆ ನಮ್ಮಿಂದ ಇನ್ನು ಯಾರು ಬೇಕೆಂದು ಪಟ್ಟಿ ಕಳಿಸಿಬಿಡಿ, ಹೆಗಡೆಯವರೇ.